ಪೂರ್ಣಿಮೆಯ ಸೀರೆ ಚಿಯಾಂಗ್ ಮಾಯ್‌ಗೆ ಹೋದದ್ದು

ಸಭಾಂಗಣದ ಪಕ್ಕದ ಬಾಗಿಲು

ಥಾಯ್ಲೆಂಡಿನ ಉತ್ತರ ಭಾಗದ ಚಿಯಾಂಗ್ ಮಾಯ್ ಊರಿನ ಒಂದು ವಿಶ್ವವಿದ್ಯಾಲಯದ ಸಭಾಂಗಣದಲ್ಲಿ, ಜೂನ್ ತಿಂಗಳ ಒಂದು ಗುರುವಾರ ಬೆಳಗ್ಗೆ ಒಂಬತ್ತು ಗಂಟೆಗೆ, ನಾನು ವೇದಿಕೆಯ ಎಡಗಡೆಯ ಸಣ್ಣ ಬಾಗಿಲಿನ ಪಕ್ಕ ನಿಂತಿದ್ದೆ. ನನ್ನ ಬಲಕ್ಕೆ ವೇದಿಕೆ, ನಾಲ್ಕು ಮೆಟ್ಟಿಲು ಎತ್ತರದಲ್ಲಿ. ಎಡಕ್ಕೆ ಬಾಗಿಲು, ಅದಕ್ಕೊಂದು ನೀಲಿ ಪರದೆ. ಕಾಲ ಬುಡದಲ್ಲಿ ವಿದ್ಯಾರ್ಥಿಗಳು ಬಿಟ್ಟ ಶೂಗಳು ಮತ್ತು ಬ್ಯಾಗುಗಳು. ಅವುಗಳನ್ನು ಕಾಯುತ್ತೇನೆಂದು ನಾನೇ ಒಪ್ಪಿಕೊಂಡಿದ್ದೆ. ವೇದಿಕೆಯ ಮೇಲಿನ ಕುರ್ಚಿಗಳು ಅಲ್ಲಿಂದ ಚೆನ್ನಾಗಿ ಕಾಣುತ್ತಿದ್ದವು. ಮಾತು ತಗ್ಗಿಸಿ ಆಡಿದರೂ ಕೇಳಿಸುವಷ್ಟು ಹತ್ತಿರ.

ನಾನು ಜಯನಗರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಮೇಷ್ಟ್ರು. ಈಗ ನಿವೃತ್ತ. ಕಂಡದ್ದನ್ನು ಕಂಡಷ್ಟೇ ಬರೆಯಬೇಕೆಂದು ಮಕ್ಕಳಿಗೆ ಪ್ರಯೋಗಶಾಲೆಯಲ್ಲಿ ಹೇಳಿ ಹೇಳಿ ನನಗೂ ಅದೇ ಅಭ್ಯಾಸವಾಗಿದೆ. ಅಂದು ಪರದೆಯ ಆಚೆ ನಡೆದದ್ದು ನನಗೆ ಕಂಡಿಲ್ಲ. ಕೇಳಿಸಿದ್ದನ್ನು ಮಾತ್ರ ಹೇಳುತ್ತೇನೆ. ಈಚೆ ನಡೆದದ್ದು ಪೂರ್ತಿ ಕಂಡಿದೆ. 

ಜಯನಗರ, ಹೊರಡುವ ಮೊದಲು

ನಮ್ಮ ಕಾಲೇಜಿನಲ್ಲಿ ಉಡುಪಿನ ಸಮಿತಿ ಅಂತ ಒಂದಿತ್ತು. ಹುಡುಗಿಯರಿಗೆ ಚೂಡಿದಾರ, ದುಪಟ್ಟಾಕ್ಕೆ ಎರಡೂ ಭುಜದಲ್ಲಿ ಪಿನ್ನು. ಹುಡುಗರು ಹರಿದ ಜೀನ್ಸ್ ಹಾಕುವಂತಿಲ್ಲ, ಬರಹವಿರುವ ಟೀ ಶರ್ಟ್ ಹಾಕುವಂತಿಲ್ಲ, ರಬ್ಬರ್ ಚಪ್ಪಲಿ ಮೆಟ್ಟುವಂತಿಲ್ಲ. ಎಲ್ಲರ ಕೊರಳಲ್ಲೂ ಐಡಿ ಕಾರ್ಡ್ ಇರಬೇಕು. ನಾನೂ ಆ ಸಮಿತಿಯಲ್ಲಿದ್ದೆ, ಆದರೆ ಹೆಸರಿಗೆ. ನಿಜವಾದ ಸಮಿತಿ ಎಂದರೆ ಸಸ್ಯಶಾಸ್ತ್ರದ ವಸುಧಾ ಮೇಡಂ.

ಜಯನಗರದಲ್ಲೇ ಹುಟ್ಟಿ ಬೆಳೆದವರು. ಬೆಳಗ್ಗೆ ಗೇಟಿನ ಹತ್ತಿರ ಇಸ್ತ್ರಿ ಮಾಡಿದ ಕಾಟನ್ ಸೀರೆಯಲ್ಲಿ ನಿಂತಿರುತ್ತಿದ್ದರು. ಕೈಯಲ್ಲೊಂದು ಸಣ್ಣ ಸ್ಟೀಲ್ ಡಬ್ಬಿ, ಅದರ ತುಂಬ ಸೇಫ್ಟಿ ಪಿನ್ನು. ದುಪಟ್ಟಾ ಇಳಿಬಿಟ್ಟುಕೊಂಡು ಬಂದ ಹುಡುಗಿ ಅಂಗೈ ಚಾಚಬೇಕು. ಮೇಡಂ ಮೇಲಿನಿಂದ ಎರಡು ಪಿನ್ನು ಬೀಳಿಸುತ್ತಿದ್ದರು, ತೀರ್ಥ ಹಾಕುವ ಹಾಗೆ. ಬೆರಳು ತಾಗುತ್ತಿರಲಿಲ್ಲ. ಪರೀಕ್ಷೆಯ ದಿನ ಮಕ್ಕಳು ಕಾಲು ಮುಟ್ಟಿ ನಮಸ್ಕಾರ ಮಾಡಲು ಬಗ್ಗಿದರೆ ಅರ್ಧ ಹೆಜ್ಜೆ ಹಿಂದೆ ಸರಿದು, “ಇರ್ಲಿ, ಇರ್ಲಿ, ಚೆನ್ನಾಗಿರು” ಅನ್ನುತ್ತಿದ್ದರು. ಮಕ್ಕಳು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದರು. ಮನೆಯಲ್ಲಿ ಮಡಿ ನೋಡಿ ಬೆಳೆದವರಿಗೆ ಇದು ಹೊಸದಲ್ಲ. ಕೋಪವೂ ಅಲ್ಲ, ತಿರಸ್ಕಾರ ಅಂತಲೂ ಹೇಳಲಾರೆ. ಕೈಯೇ ಹಾಗೆ ಕಲಿತುಬಿಟ್ಟಿತ್ತು.

ಆ ವರ್ಷ ಒಂದು ವಾರದ ಮಟ್ಟಿಗೆ ಚಿಯಾಂಗ್ ಮಾಯ್‌ಗೆ ಬರಬೇಕೆಂದು ನಮ್ಮ ಸಸ್ಯಶಾಸ್ತ್ರ ವಿಭಾಗಕ್ಕೆ ಆಹ್ವಾನ ಬಂತು. ಮೂವರು ವಿದ್ಯಾರ್ಥಿಗಳು, ಮೇಡಂ, ಜೊತೆಗೆ ಮೇಲ್ವಿಚಾರಣೆಗೆಂದು ನಾನು. ಅಲ್ಲಿ ಜೂನ್ ತಿಂಗಳಲ್ಲಿ ಗುರುಗಳಿಗೆ ವಂದಿಸುವ ಸಮಾರಂಭ ನಡೆಯುತ್ತದೆ. ನಿಮ್ಮ ಕಡೆಯಿಂದಲೂ ಒಬ್ಬ ವಿದ್ಯಾರ್ಥಿ ಹೂವಿನ ತಟ್ಟೆ ಅರ್ಪಿಸಬೇಕು ಎಂದು ಕೇಳಿದ್ದರು. ಅಂಕದಲ್ಲಿ ತರಗತಿಗೇ ಮೊದಲಿಗಳಾಗಿದ್ದ ಗೌತಮಿಯನ್ನು ಮೇಡಂ ತಾವೇ ಆರಿಸಿದರು.

ಹೊರಡುವ ಹಿಂದಿನ ದಿನ ಗೌತಮಿಯ ಅಮ್ಮ ರತ್ನಮ್ಮ ನನ್ನನ್ನು ಹುಡುಕಿಕೊಂಡು ಸ್ಟಾಫ್ ರೂಮಿಗೆ ಬಂದರು. ಸಾರಕ್ಕಿಯವರು, ಗಾರ್ಮೆಂಟ್ಸ್‌ನಲ್ಲಿ ಕೆಲಸ, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಓಡಿ ಬಂದಿದ್ದರು. ಮನೆಯವರೆಲ್ಲ ಬೌದ್ಧರು, ಅವರ ಮಾವನ ಕಾಲಕ್ಕೆ ದೀಕ್ಷೆ ತೆಗೆದುಕೊಂಡದ್ದಂತೆ. ಪ್ಲಾಸ್ಟಿಕ್ ಕವರಿನಿಂದ ಅವರು ತೆಗೆದದ್ದು ಒಂದು ಬಿಳಿ ಕಾಟನ್ ಸೀರೆ. ಒಗೆದು ಒಗೆದು ಮೆತ್ತಗಾಗಿತ್ತು. ಅಂಚಿನಲ್ಲಿ ತೆಳ್ಳನೆಯ ನೀಲಿ ಗೆರೆ.

“ಸಾರ್, ಇದು ಬುದ್ಧ ಪೂರ್ಣಿಮೆಗೆ ಉಡೋ ಸೀರೆ. ಅಲ್ಲಿ ತಟ್ಟೆ ಕೊಡೋವಾಗ ಮಗಳು ಇದನ್ನೇ ಉಟ್ಕೊಳ್ಳಲಿ. ಆ ದೇಶಕ್ಕೆ ನಾನು ಹೋಗೋದು ಎಲ್ಲಿಂದ ಬಂತು. ಇದಾದ್ರೂ ಹೋಗಿ ಬರ್ಲಿ.”

ಆಗಲಿ ಎಂದು ಹೇಳಿದೆ. ಇಷ್ಟು ಸಣ್ಣ ವಿಷಯ ನಡೆಸಿಕೊಡುವುದು ಕಷ್ಟವಾಗಬಹುದೆಂದು ನನಗೆ ಹೊಳೆಯಲಿಲ್ಲ.

ಸೋಮವಾರ

ವಿಮಾನದಲ್ಲಿ ಹುಡುಗರು ಮಾತಾಡಿಕೊಂಡದ್ದು ನನ್ನ ಕಿವಿಗೆ ಬಿದ್ದಿತ್ತು. ಬಿಟಿಎಂ ಲೇಔಟಿನ ಸುಮಂತ್ ಒಂದು ವಾರ ಕಮಿಟಿ ಕಾಟವಿಲ್ಲ ಎಂದು ನಿಶ್ಚಿಂತನಾಗಿದ್ದ. ಮಂಡಿಯ ಹತ್ತಿರ ಹರಿದ ಜೀನ್ಸನ್ನೇ ಹಾಕಿಕೊಂಡು ಹೊರಟಿದ್ದ. ಜೆ.ಪಿ. ನಗರದ ನಿಖಿತಾ ದುಪಟ್ಟಾಗಳನ್ನು ಮನೆಯಲ್ಲೇ ಬಿಟ್ಟು ಬಂದಿದ್ದಳು.

ವಿಶ್ವವಿದ್ಯಾಲಯದ ಒಳಗೆ ಕಾಲಿಟ್ಟ ಮೇಲೆ ಮೂವರೂ ಸುಮ್ಮನಾದರು. ಅಲ್ಲಿ ಪದವಿ ಓದುವ ಮಕ್ಕಳಿಗೂ ಸಮವಸ್ತ್ರ. ಹುಡುಗಿಯರಿಗೆ ಬಿಳಿ ಶರ್ಟು, ಕಪ್ಪು ಲಂಗ, ವಿಶ್ವವಿದ್ಯಾಲಯದ ಮುದ್ರೆಯಿರುವ ಬೆಲ್ಟು, ಎದೆಯ ಮೇಲೆ ಬೆಳ್ಳಿ ಬಣ್ಣದ ಒಂದು ಪದಕ. ಹುಡುಗರಿಗೆ ಬಿಳಿ ಶರ್ಟು, ಕಪ್ಪು ಪ್ಯಾಂಟು. ಮೊದಲ ವರ್ಷದವರಾದರೆ ಟೈ ಕೂಡ. ದೊಡ್ಡ ಮಳೆ ಮರಗಳ ಕೆಳಗೆ ಹೈಸ್ಕೂಲಿನ ಮಕ್ಕಳ ಹಾಗೆ ಸಾಲಾಗಿ ಹೋಗುತ್ತಿದ್ದರು. ಗ್ರಂಥಾಲಯದ ಬಾಗಿಲಲ್ಲಿದ್ದ ಹೆಂಗಸು ನಗುನಗುತ್ತಲೇ ಸುಮಂತನ ಮಂಡಿ ತೋರಿಸಿ, ನಾಳೆ ಬೇರೆ ಪ್ಯಾಂಟು ಹಾಕಿಕೊಂಡು ಬಾ ಎಂದು ವಾಪಸು ಕಳಿಸಿದಳು.

“ಗುರು, ಇಲ್ಲೂ ಕಮಿಟಿನಾ?” ಅಂದ ಸುಮಂತ್. ವಸುಧಾ ಮೇಡಂ ಮುಖದಲ್ಲಿ ಮೂಡಿದ ತೃಪ್ತಿಯನ್ನು ಅವರು ಅಡಗಿಸಲಿಲ್ಲ.

ನಮ್ಮನ್ನು ನೋಡಿಕೊಳ್ಳುತ್ತಿದ್ದ ಅಧ್ಯಾಪಕಿಯ ಹೆಸರು ಮಾಲಿ. ಅವರ ಭಾಷೆಯಲ್ಲಿ ಮಲ್ಲಿಗೆ ಎಂದರ್ಥ. ಮಕ್ಕಳು ಅವರನ್ನು ‘ಆಜಾನ್’ ಎಂದು ಕರೆಯುತ್ತಿದ್ದರು. ನಮ್ಮ ‘ಆಚಾರ್ಯ’ವೇ ಅಷ್ಟು ದೂರ ನಡೆದು ಹಾಗಾಗಿದೆ. ಆಜಾನ್ ಮಾಲಿ ಮೊದಲ ದಿನವೇ ನಮಗೆ ಕೆಲವು ಮರ್ಯಾದೆಗಳನ್ನು ಹೇಳಿಕೊಟ್ಟರು. ಪಾದ ಮೈಯಲ್ಲೆಲ್ಲ ಕೀಳಾದ ಭಾಗ, ಯಾರ ಕಡೆಗೂ ಚಾಚಬಾರದು. ತಲೆ ಮೇಲಾದದ್ದು, ಬೇರೆಯವರ ತಲೆ ಮುಟ್ಟಬಾರದು, ಮಗುವಿನದ್ದಾದರೂ ಸುಮ್ಮನೆ ಸವರಬಾರದು. ಕೂತಿರುವ ಗುರುವಿನ ಮುಂದೆ ಹಾದುಹೋಗುವಾಗ ಬೆನ್ನು ಬಗ್ಗಿಸಬೇಕು. ತಲೆ ಮುಟ್ಟುವ ವಿಷಯವನ್ನು ಅವರು ಎರಡನೆಯ ಸಲವೂ ಹೇಳಿದರು. ಹಿಂದೆ ಬಂದಿದ್ದ ಭಾರತದ ಅತಿಥಿಯೊಬ್ಬರು ಸಿಕ್ಕ ಸಿಕ್ಕ ವಿದ್ಯಾರ್ಥಿಗಳಿಗೆಲ್ಲ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿ ಮುಜುಗರವಾಗಿತ್ತಂತೆ.

“ನಂಗೇನೂ ಆ ಭಯ ಇಲ್ಲ,” ಎಂದು ವಸುಧಾ ಮೇಡಂ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು. ತಮ್ಮನ್ನೇ ತಾವು ಹಾಸ್ಯ ಮಾಡಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ನಿಖಿತಾಳ ಕಾಲು ಪಕ್ಕದ ಹುಡುಗಿಯ ಪುಸ್ತಕದ ಚೀಲಕ್ಕೆ ತಾಗಿತು. ನಿಖಿತಾ ಯೋಚಿಸದೆ ಚೀಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆ ಹುಡುಗಿಯ ಹೆಸರು ಪ್ಲಾಯ್. ಚೀಲದಲ್ಲಿ ದೇವರಿದ್ದಾನೆಯೇ ಎಂದು ಕೇಳಿದಳು. ಪುಸ್ತಕ ಇದೆಯಲ್ಲ ಎಂದಳು ನಿಖಿತಾ. ಪ್ಲಾಯ್ ಸ್ವಲ್ಪ ಹೊತ್ತು ಯೋಚಿಸಿ, ಚೀಲವನ್ನು ನೆಲದಿಂದೆತ್ತಿ ಮೇಜಿನ ಮೇಲಿಟ್ಟಳು. ಆಮೇಲೆ ವಾರವೆಲ್ಲ ಅವಳು ನಮ್ಮ ಜೊತೆಗೇ ಇದ್ದಳು.

ಗುಡ್ಡದ ಮೇಲಿನ ದೇವಸ್ಥಾನ

ಮಂಗಳವಾರ ಊರಿನ ಪಶ್ಚಿಮಕ್ಕಿರುವ ಗುಡ್ಡದ ದೇವಸ್ಥಾನಕ್ಕೆ ಹೋದೆವು. ಸುಮಂತನಿಗೆ ಅಲ್ಲಿಯೂ ಮಂಡಿಯದೇ ತೊಂದರೆಯಾಯಿತು. ಬೇರೆ ಪ್ಯಾಂಟು ಒದ್ದೆಯಾಗಿತ್ತೆಂದು ಮತ್ತೆ ಅದೇ ಜೀನ್ಸ್ ಹಾಕಿದ್ದ. ಬಾಗಿಲಲ್ಲಿ ಅವನಿಗೆ ಆನೆಗಳ ಚಿತ್ರವಿರುವ ಒಂದು ಹೂವಿನ ಲುಂಗಿ ಸುತ್ತಿದರು. ನಿಖಿತಾ ಫೋಟೋ ತೆಗೆದು ತರಗತಿಯ ಗುಂಪಿಗೆ ಕಳಿಸಿದಳು. ಅವನು ದೇವಸ್ಥಾನದ ತುಂಬ ಅವಳನ್ನು ಬೈದುಕೊಂಡು ತಿರುಗಿದ.

ಅಂದು ಅವರಿಗೆ ಉಪವಾಸದ ದಿನ, ನಮ್ಮ ಏಕಾದಶಿಯ ಹಾಗೆ. ಅಂಗಳದ ತುಂಬ ಬಿಳಿ ಬಟ್ಟೆಯ ಹೆಂಗಸರು. ಅಜ್ಜಿಯರು, ನಡುವಯಸ್ಸಿನವರು, ಕಾಲೇಜಿನ ಹುಡುಗಿಯರೂ ಇದ್ದರು. ಕಾಲು ಹಿಂದಕ್ಕೆ ಮಡಿಸಿಕೊಂಡು, ಪಾದ ಬುದ್ಧನ ಕಡೆಗಿರದ ಹಾಗೆ ಕೂತಿದ್ದರು. ಇವರೆಲ್ಲ ಗಂಡ ತೀರಿಕೊಂಡವರೇ ಎಂದು ಮೇಡಂ ಮೆಲ್ಲಗೆ ಕೇಳಿದರು. ಆಜಾನ್ ಮಾಲಿಗೆ ಪ್ರಶ್ನೆ ಅರ್ಥವಾಗಲು ಸ್ವಲ್ಪ ಸಮಯ ಹಿಡಿಯಿತು. ಅಲ್ಲ, ವ್ರತ ಹಿಡಿದವರು, ತಾನೂ ಬಿಡುವಿದ್ದಾಗ ಹೀಗೇ ಉಟ್ಟು ಬರುತ್ತೇನೆ ಎಂದರು. 

ಗೌತಮಿ ಆ ಹೆಂಗಸರ ಹಿಂದಿನ ಸಾಲಿನಲ್ಲಿ ಕೂತಳು. ಅವರು ‘ಬುದ್ಧಂ ಸರಣಂ ಗಚ್ಛಾಮಿ’ ಎಂದು ತ್ರಿಶರಣ ಹೇಳತೊಡಗಿದಾಗ ಅವಳ ತುಟಿಯೂ ಆಡಿತು. ಉಚ್ಚಾರಣೆ ಬೇರೆ, ಮಾತು ಅದೇ. ಪಕ್ಕದ ಅಜ್ಜಿ ಕಣ್ಣು ತೆರೆದು ಇವಳನ್ನೊಮ್ಮೆ ನೋಡಿ, ತನ್ನ ಚಾಪೆಯನ್ನು ಇವಳ ಕಡೆಗೆ ಒಂದಿಷ್ಟು ಎಳೆದಳು. ನಾನು, ಮೇಡಂ, ನಿಖಿತಾ ಗೋಡೆಗೊರಗಿ ನಿಂತಿದ್ದೆವು. ಆ ಊರಿನಲ್ಲಿ ನಮ್ಮ ಪೈಕಿ ಪರಕೀಯಳಲ್ಲದವಳು ಅವಳೊಬ್ಬಳೇ ಎಂದು ನನಗೆ ಆಗ ಗೊತ್ತಾಯಿತು.

ಇಳಿಯುವಾಗ ಮೆಟ್ಟಿಲಲ್ಲಿ ಅವಳು ನನ್ನ ಜೊತೆ ಬಂದಳು. ಗುರುವಾರದ ದಿನ ವೇದಿಕೆಯ ಮೇಲೆ ಆಜಾನ್ ಮಾಲಿಗೂ ನಮ್ಮ ಮೇಡಂಗೂ ವಂದಿಸಬೇಕು, ಕಾಲು ಮುಟ್ಟಬಾರದಂತೆ, ಸದ್ಯ ಒಳ್ಳೆಯದಾಯಿತು ಎಂದಳು. ಯಾಕೆ ಸದ್ಯ ಎಂದು ಕೇಳಿದೆ. 

“ಮೇಡಂ ಹಿಂದೆ ಸರೀತಾರಲ್ಲ ಸಾರ್. ಫಸ್ಟ್ ಇಯರಲ್ಲಿ ನಂಗೊಬ್ಬಳಿಗೇ ಹಂಗೆ ಅನ್ಕೊಂಡಿದ್ದೆ. ಆಮೇಲೆ ಒಂದು ವರ್ಷ ಗಮನಿಸ್ದೆ. ಎಲ್ಲರಿಗೂ ಸರೀತಾರೆ.” ಇನ್ನೊಂದು ಮೆಟ್ಟಿಲಿಳಿದು, “ಸಮಾಧಾನ ಆಯ್ತು,” ಎಂದಳು.

ಅವಳ ದನಿಯಲ್ಲಿ ದೂರಿರಲಿಲ್ಲ. ಒಂದು ವರ್ಷ, ಪ್ರತಿ ಪರೀಕ್ಷೆಯ ದಿನ, ಒಬ್ಬ ಹುಡುಗಿ ಗೇಟಿನ ಪಕ್ಕ ನಿಂತು ಯಾರು ಯಾರಿಗೆ ಮೇಡಂ ಹಿಂದೆ ಸರಿಯುತ್ತಾರೆ ಎಂದು ನೋಡುತ್ತಿದ್ದಳು. ನಾನು ಅದೇ ಗೇಟಿನಲ್ಲಿ ಅದೇ ಸಮಿತಿಯವನಾಗಿ ನಿಂತಿದ್ದೆ. ನನಗೆ ಕಂಡಿದ್ದು ದುಪಟ್ಟಾ ಮಾತ್ರ.

ಬುಧವಾರ ಮಧ್ಯಾಹ್ನ

ಬುಧವಾರ ಸಭಾಂಗಣದಲ್ಲಿ ತಾಲೀಮು. ಪ್ರತಿ ವಿಭಾಗದ ವಿದ್ಯಾರ್ಥಿಗಳು ಮೆಟ್ಟಿಲು ಹತ್ತಿ, ವೇದಿಕೆಯ ಅಂಚಿನಲ್ಲೇ ಮಂಡಿಯೂರಬೇಕು. ಅಲ್ಲಿಂದ ಗುರುಗಳ ಕುರ್ಚಿಯವರೆಗೆ ತಟ್ಟೆ ಹಿಡಿದು ಮಂಡಿಯ ಮೇಲೇ ಹೋಗಬೇಕು, ಕೊಟ್ಟು ಬಾಗಿ ನಮಸ್ಕರಿಸಿ ಹಾಗೆಯೇ ಹಿಂದೆ ಬರಬೇಕು. ಗುರುವಿಗಿಂತ ತಲೆ ಎತ್ತರವಾಗಬಾರದು. ಗೌತಮಿ ಚೂಡಿದಾರದಲ್ಲಿ ಮೂರು ಸಲ ಮಾಡಿದಳು. ಎಲ್ಲ ಸರಿಯಾಯಿತು. ನಾವು ಐವರೂ ನೋಡಿದೆವು, ಐವರಿಗೂ ಹೊಳೆಯಬೇಕಾದದ್ದು ಹೊಳೆಯಲಿಲ್ಲ.

ತಟ್ಟೆಯಲ್ಲಿ ಇಡುವುದನ್ನು ಪ್ಲಾಯ್ ತೋರಿಸಿದಳು. ಗರಿಕೆ, ಬದನೆಯ ಹೂವು, ಕೇಪಳದ ಹೂವು, ಅರಳು. ಗರಿಕೆ ತುಳಿದರೂ ಚಿಗುರುತ್ತದೆ, ಬದನೆಯ ಹೂವು ಕಾಯಿ ಕಚ್ಚುವಾಗ ತಲೆ ಬಾಗುತ್ತದೆ, ವಿದ್ಯಾರ್ಥಿಯೂ ಹಾಗಿರಬೇಕಂತೆ. ಗುರುವಾರವೇ ಯಾಕೆ ಎಂದು ಸುಮಂತ್ ಕೇಳಿದ್ದಕ್ಕೆ ಅದು ಗುರುಗಳ ದಿನವಲ್ಲವೇ ಎಂದಳು. ಬಸವನಗುಡಿಯಲ್ಲಿ ಕೇಳಿದರೂ ಇದೇ ಉತ್ತರ ಬರುತ್ತಿತ್ತು. ವಸುಧಾ ಮೇಡಂ ಬದನೆಯ ಹೂವನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಮೂವತ್ತು ವರ್ಷ ಈ ಹೂವನ್ನು ಸೀಳಿ ಪಾಠ ಮಾಡಿದ್ದೇನೆ, ಅದು ತಲೆ ಬಾಗಿಸಿದ್ದನ್ನು ನೋಡಿರಲಿಲ್ಲ ಎಂದರು.

ಅತಿಥಿಗೃಹಕ್ಕೆ ಬಂದ ಮೇಲೆ ಗೌತಮಿ ಸೀರೆ ತೆಗೆದು ತೋರಿಸಿದಳು. ಮೇಡಂ ಮುಟ್ಟಲಿಲ್ಲ. ಬಿಳಿ ಬೇಡ, ಸಭೆಯಲ್ಲಿ ಕಾಲೇಜಿನ ಹೆಸರಿದೆ, ಫೋಟೋ ಊರಿಗೆ ಹೋಗುತ್ತದೆ ಎಂದರು. ತಾವು ತಂದಿದ್ದ ಮರೂನ್ ಬಣ್ಣದ ಕಾಂಚೀಪುರ ರೇಷ್ಮೆ ಸೀರೆ ಕೊಡುತ್ತೇನೆ, ರವಿಕೆ ಸ್ವಲ್ಪ ಹಿಡಿಸಿಕೊಂಡರೆ ಆಗುತ್ತದೆ. ಅದು ಬೇಡವಾದರೆ ತಟ್ಟೆ ನಿಖಿತಾ ಕೊಡಲಿ. ಗೌತಮಿ ಸೀರೆಯನ್ನು ಮಡಿಕೆ ಕೆಡದ ಹಾಗೆ ಮತ್ತೆ ಕವರಿಗೆ ಹಾಕಿ, “ಸರಿ ಮೇಡಂ, ರೇಷ್ಮೆನೇ ಉಡ್ತೀನಿ” ಎಂದು ರೂಮಿಗೆ ಹೋದಳು.

ನಾನು ರತ್ನಮ್ಮನಿಗೆ ಮಾತು ಕೊಟ್ಟಿದ್ದೇನೆಂದು ಮೇಡಂಗೆ ಹೇಳಿದೆ. ಅದು ಅವರಿಗೆ ಹಬ್ಬದ ಸೀರೆ ಎಂದೆ. ನಿನ್ನೆ ಗುಡ್ಡದ ಮೇಲೆ ನಾವೇ ನೋಡಿದೆವಲ್ಲ ಎಂದೆ. ಅವರು ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಕೈಯಲ್ಲಿ ಪಿನ್ನಿನ ಡಬ್ಬಿ ಇತ್ತು, ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು.

“ನಮ್ಮಪ್ಪ ಹೋದಾಗ ಅಮ್ಮಂಗೆ ಇನ್ನೂ ಮೂವತ್ತಾಗಿರ್ಲಿಲ್ಲ. ಸ್ಕೂಲಿಂದ ಬಂದು ನೋಡ್ತೀನಿ, ಬಿಳಿ ಸೀರೆ ಉಡ್ಸಿ ಮೂಲೇಲಿ ಕೂರ್ಸಿದಾರೆ. ನಾನು ಗುರುತೇ ಹಿಡೀಲಿಲ್ಲ. ಸಾಯೋ ತನಕ ಬೇರೆ ಬಣ್ಣ ಉಡ್ಲಿಲ್ಲ ಅವಳು.” ಡಬ್ಬಿಯ ಮುಚ್ಚಳ ಹಾಕಿದರು. “ಅವರಿಗದು ಹಬ್ಬ ಇರಬಹುದು. ನಾನು ಬೇಡ ಅಂತಿಲ್ಲ. ಆದ್ರೆ ಇಪ್ಪತ್ತು ವರ್ಷದ ಹುಡುಗೀಗೆ ಬಿಳಿ ಉಡ್ಸಿ ನಿಲ್ಸೋದು ನನ್ನ ಕೈಲಿ ಆಗಲ್ಲ ಸಾರ್. ನನ್ನ ಕೈ ಬರಲ್ಲ.”

ಇದಾದ ಮೇಲೆ ನಾನು ಒತ್ತಾಯ ಮಾಡಲಿಲ್ಲ.

ಗುರುವಾರ

ಬೆಳಗ್ಗೆ ಗೌತಮಿ ಮರೂನ್ ಸೀರೆಯಲ್ಲಿ ಬಂದಾಗ ಎಲ್ಲರೂ ಚೆನ್ನಾಗಿದೆ ಎಂದರು. ನಿಜವಾಗಿಯೂ ಚೆನ್ನಾಗಿತ್ತು. ನಿಖಿತಾ ಉಡಿಸಿದ್ದಳು, ನೆರಿಗೆ ಪಾದ ಮುಚ್ಚುವ ಹಾಗೆ, ಮದುವೆ ಮನೆಯ ರೀತಿ. ಗೌತಮಿ ಬ್ಯಾಗನ್ನು ನನ್ನ ಕಾಲ ಹತ್ತಿರ ಇಡುತ್ತಾ, ಅದರಲ್ಲಿ ಅಮ್ಮನ ಸೀರೆ ಇದೆ, ಸಮಾರಂಭ ಮುಗಿದ ಮೇಲೆ ಉಟ್ಟುಕೊಂಡು ಹೊರಗೆ ಮರದ ಕೆಳಗೆ ಒಂದು ಫೋಟೋ ತೆಗೆಸಿಕೊಳ್ಳುತ್ತೇನೆ, ತಟ್ಟೆ ಕೊಟ್ಟದ್ದು ಇದರಲ್ಲೇ ಅಂತ ಅಮ್ಮನಿಗೆ ಹೇಳಿದರಾಯಿತು ಎಂದಳು. ಸುಳ್ಳು ಹೇಳುವುದನ್ನು ಅವಳು ನನಗೆ ಮುಂಚಿತವಾಗಿ ತಿಳಿಸುತ್ತಿದ್ದಳು. ನಾನು ತಲೆಯಾಡಿಸಿದೆ. ಮೇಡಂ ವೇದಿಕೆಯ ಮೆಟ್ಟಿಲ ಹತ್ತಿರ, ಮಾತು ಕೇಳಿಸುವಷ್ಟು ದೂರದಲ್ಲೇ ನಿಂತಿದ್ದರು.

ವೇದಿಕೆಯ ಮೇಲೆ ಗುರುಗಳ ಸಾಲು. ಕೊನೆಯ ಎರಡು ಕುರ್ಚಿ ಆಜಾನ್ ಮಾಲಿಯವರದು, ವಸುಧಾ ಮೇಡಂದು. ಕೆಳಗೆ ಸಭಾಂಗಣದ ತುಂಬ ಬಿಳಿ ಶರ್ಟಿನ ಮಕ್ಕಳು. ಒಂದು ಪಿಸುಮಾತಿಲ್ಲ. ಗೌತಮಿಯ ಸರದಿ ಬಂತು. ಅವಳ ಜೊತೆ ಪ್ಲಾಯ್. ಇಬ್ಬರೂ ಅಂಚಿನಲ್ಲಿ ಮಂಡಿಯೂರಿದರು.

ಮೊದಲ ಮಂಡಿ ಮುಂದಿಟ್ಟಾಗಲೇ ನೆರಿಗೆ ಅದರ ಕೆಳಗೆ ಸಿಕ್ಕಿತು. ನನಗೆ ಅದು ಕಂಡಿತು, ಅವಳಿಗೆ ಕಾಣಲಿಲ್ಲ. ಎರಡನೆಯ ಮಂಡಿ ಎಳೆದಾಗ ರೇಷ್ಮೆ ಸೊಂಟದಿಂದ ಕಿತ್ತು ಬಂತು. ಅವಳು ಮುಂದಕ್ಕೆ ಮುಗ್ಗರಿಸಿ ಒಂದು ಕೈ ಊರಿದಳು. ತಟ್ಟೆ ವಾಲಿ ಬಿತ್ತು. ಅರಳು ಜಾರಿ ಹರಡಿ ಆಜಾನ್ ಮಾಲಿಯವರ ಕುರ್ಚಿಯವರೆಗೆ ಹೋಯಿತು. ನೆರಿಗೆಯೆಲ್ಲ ಅವಳ ಮುಂದೆ ರಾಶಿಯಾಗಿ ಬಿದ್ದಿತ್ತು. ಉಳಿದದ್ದನ್ನು ಎರಡೂ ಕೈಯಲ್ಲಿ ಸೊಂಟಕ್ಕೆ ಅವುಚಿಕೊಂಡು ತಲೆ ತಗ್ಗಿಸಿ ಕೂತುಬಿಟ್ಟಳು. ಏಳುವ ಹಾಗಿಲ್ಲ, ಮುಂದೆ ಹೋಗುವ ಹಾಗಿಲ್ಲ.

ಯಾರೂ ನಗಲಿಲ್ಲ. ಇದನ್ನು ಎರಡು ಸಲ ಬೇಕಾದರೂ ಬರೆಯುತ್ತೇನೆ. ಅಷ್ಟು ದೊಡ್ಡ ಸಭೆಯಲ್ಲಿ ಒಂದು ನಗೆ ಕೇಳಲಿಲ್ಲ, ಒಂದು ಫೋನು ಮೇಲೇಳಲಿಲ್ಲ. ಪ್ಲಾಯ್ ಗೌತಮಿಯ ಕಡೆ ತಿರುಗಿಯೂ ನೋಡದೆ ಮಂಡಿಯ ಮೇಲೇ ಹಿಂದೆ ಸರಿದು, ಅವಳಿಗೂ ಸಭೆಗೂ ನಡುವೆ ಕೂತಳು. ಸಾಲಿನಲ್ಲಿದ್ದ ಉಳಿದ ಹುಡುಗಿಯರು ಒಬ್ಬೊಬ್ಬರಾಗಿ ಅವಳ ಪಕ್ಕಕ್ಕೆ ಬಂದರು. ಬೆನ್ನುಗಳ ಒಂದು ಗೋಡೆಯಾಯಿತು. ಕೆಳಗೆ ಕೂತವರು ದೃಷ್ಟಿಯನ್ನು ತಮ್ಮ ಮಡಿಲಿಗಿಳಿಸಿದರು.

ಆಗ ವಸುಧಾ ಮೇಡಂ ಕುರ್ಚಿಯಿಂದ ಎದ್ದರು. ಎದ್ದು ನಡೆದು ಬರುತ್ತಾರೆಂದುಕೊಂಡೆ. ಮಂಡಿನೋವಿನವರು, ಗುಡ್ಡದ ದೇವಸ್ಥಾನದಲ್ಲಿ ನೆಲಕ್ಕೆ ಕೂರಲಾರದೆ ಗೋಡೆಗೊರಗಿ ನಿಂತಿದ್ದವರು. ಅವರು ಒಂದು ಕೈ ಕುರ್ಚಿಗೆ ಊರಿ ನೆಲಕ್ಕಿಳಿದರು. ಅಲ್ಲಿಂದ ಗೌತಮಿಯವರೆಗೆ, ಚೆಲ್ಲಿದ ಅರಳಿನ ಮೇಲೆ, ಮಂಡಿಯಲ್ಲೇ ಬಂದರು. ಗುರುಗಳ ಸಾಲಿನಲ್ಲಿ ಯಾರೋ ಉಸಿರೆಳೆದುಕೊಂಡದ್ದು ಕೇಳಿಸಿತು. ಆ ದೇಶದಲ್ಲಿ ಗುರು ಶಿಷ್ಯರ ಕಾಲ ಮಟ್ಟಕ್ಕೆ ಇಳಿಯುವುದಿಲ್ಲ. ನಮ್ಮಲ್ಲೂ ಇಲ್ಲ.

ಗೌತಮಿಯ ಪಾದಕ್ಕೆ ಸುತ್ತಿಕೊಂಡಿದ್ದ ರೇಷ್ಮೆಯನ್ನು ಮೇಡಂ ತಮ್ಮ ಕೈಯಿಂದ ಬಿಡಿಸಿದರು. ಮೊದಲು ಎಡಪಾದ, ಆಮೇಲೆ ಬಲಪಾದ. ಗೌತಮಿ ಪಾದ ಹಿಂದಕ್ಕೆಳೆದುಕೊಳ್ಳಲು ನೋಡಿದಳು. ಮೇಡಂ ಹಿಮ್ಮಡಿ ಹಿಡಿದು ನಿಲ್ಲಿಸಿ, “ಅಲ್ಲಾಡಬೇಡ,” ಎಂದರು. ಸೀರೆಯನ್ನೆಲ್ಲ ಒಟ್ಟು ಮಾಡಿ ಅವಳ ಮಡಿಲಿಗೆ ತುಂಬಿದರು. ಆಮೇಲೆ ನನ್ನ ಕಡೆ ನೋಡಿ ಹೇಳಿದ ಮಾತು ಇದು: “ಸಾರ್, ಇವಳ ಬ್ಯಾಗ್ ಕೊಡಿ. ಅದರಲ್ಲಿ ಇವರಮ್ಮನ ಸೀರೆ ಇದೆಯಲ್ಲ.”

ಕೆಳಗಿನ ಮುಂದಿನ ಸಾಲಿನಲ್ಲಿದ್ದ ನಿಖಿತಾ ಬ್ಯಾಗು ಇಸಿದುಕೊಂಡಳು. ಮೂವರೂ ನನ್ನ ಪಕ್ಕದಲ್ಲೇ ಹಾದು ಪರದೆಯ ಆಚೆ ಹೋದರು. ಅಲ್ಲಿ ನಡೆದದ್ದನ್ನು ನಾನು ಕಂಡಿಲ್ಲ. ಮೇಡಂ ದನಿ ಕೇಳಿಸಿತು.

“ಎತ್ತಿ ಉಡಿಸ್ತೀನಿ, ಮಂಡಿಗೆ ಸಿಗಬಾರದು. ನಿಮ್ಮಮ್ಮ ಹೆಂಗೆ ಉಡ್ತಾರೆ ಹೇಳು.”

“ನೆರಿಗೆ ಕಮ್ಮಿ ಹಿಡೀತಾರೆ ಮೇಡಂ. ತುದೀನ ಮೇಲೆ ಸಿಗಿಸ್ತಾರೆ. ಕೊಡಿ, ನಾನೇ…”

“ಸುಮ್ನೆ ನಿಂತ್ಕೋ. ನಿಖಿತಾ, ಡಬ್ಬಿ ಹಿಡ್ಕೋ.”

 ಆಮೇಲೆ ಮತ್ತೆ ಮೇಡಂ ದನಿ, ಬಹಳ ಮೆಲ್ಲಗೆ: “ಚುಚ್ತಾ?” ಗೌತಮಿಯ ಉತ್ತರ ಕೇಳಿಸಲಿಲ್ಲ.

ಇತ್ತ ವೇದಿಕೆಯ ಮೇಲೆ ಹುಡುಗಿಯರು ಚೆಲ್ಲಿದ್ದನ್ನು ಅಂಗೈಯಲ್ಲಿ ಬಳಿದು ಒಂದು ಕಾಗದಕ್ಕೆ ತುಂಬಿದರು. ನೆಲಕ್ಕೆ ಬಿದ್ದ ಹೂವನ್ನು ಮತ್ತೆ ಅರ್ಪಿಸುವುದಿಲ್ಲ, ಅವರೂ ನಮ್ಮ ಹಾಗೆಯೇ. ಆಜಾನ್ ಮಾಲಿ ತಮಗೆ ಬಂದ ತಟ್ಟೆಗಳಲ್ಲಿ ಒಂದನ್ನು ಎತ್ತಿ ಪ್ಲಾಯ್ ಕೈಗೆ ಕೊಟ್ಟರು. ಇಡೀ ಸಭೆ ಕಾಯಿತು.

ಮೊದಲು ಮೇಡಂ ಬಂದು ತಮ್ಮ ಕುರ್ಚಿಯಲ್ಲಿ ಕೂತರು. ಹಣೆ ಬೆವರಿತ್ತು. ಆಮೇಲೆ ಗೌತಮಿ. ಮರೂನ್ ರವಿಕೆ, ಬಿಳಿ ಸೀರೆ, ಹಿಮ್ಮಡಿಯಿಂದ ಒಂದು ಗೇಣು ಮೇಲೆ, ಕೆಲಸಕ್ಕೆ ಹೊರಟ ಹೆಂಗಸರು ಉಡುವ ಹಾಗೆ. ಭುಜದಲ್ಲಿ ಸೆರಗಿಗೆ ಒಂದು ಪಿನ್ನು. ಮಂಡಿಯೂರಿದಳು, ತಟ್ಟೆ ಹಿಡಿದಳು, ಒಂದು ಸಲವೂ ತಡವರಿಸದೆ ಹೋದಳು. ಆಜಾನ್ ಮಾಲಿ ತಟ್ಟೆ ತೆಗೆದುಕೊಂಡರು. ಅವರಿಗೆ ಬಾಗಿ ನಮಸ್ಕರಿಸಿ ಪಕ್ಕದ ಕುರ್ಚಿಯ ಮುಂದೆ ಬಂದಳು.

ಅಲ್ಲಿ ಅಲ್ಲಿಯ ರೀತಿಯಂತೆ ಕೈಮುಗಿದು ಬಾಗಿದರೆ ಸಾಕಿತ್ತು. ಗೌತಮಿಗೆ ನಮ್ಮ ಗೇಟಿನ ಅಭ್ಯಾಸವೇ ಬಂತು. ಮೇಡಂ ಪಾದದಿಂದ ಅರ್ಧ ಮೊಳ ಈಚೆಗೆ ನೆಲ ಮುಟ್ಟಿ, ಕಣ್ಣಿಗೊತ್ತಿಕೊಳ್ಳಲು ಹೊರಟಳು. ಮೇಡಂ ಮುಂದಕ್ಕೆ ಬಾಗಿ ಅವಳ ತಲೆಯ ಮೇಲೆ ಕೈಯಿಟ್ಟರು. ಪೂರ್ತಿ ಅಂಗೈ. ಇಷ್ಟು ವರ್ಷದಲ್ಲಿ ಆ ಕೈ ಯಾರ ತಲೆಯ ಮೇಲೂ ಹೋದದ್ದನ್ನು ನಾನು ಕಂಡಿರಲಿಲ್ಲ. ತಲೆ ಮುಟ್ಟಬಾರದೆಂದು ನಮಗೆ ಸೋಮವಾರವೇ ಎರಡು ಸಲ ಹೇಳಿದ್ದರು. ಆಜಾನ್ ಮಾಲಿ ಅದನ್ನು ಕಂಡರು. ಕಂಡು, ತಮ್ಮ ತಟ್ಟೆಯ ಗರಿಕೆಯನ್ನು ಸರಿಪಡಿಸತೊಡಗಿದರು. ಆ ಕೈ ಎಷ್ಟು ಹೊತ್ತು ಅಲ್ಲಿತ್ತು ಎಂದು ನಾನು ಹೇಳಲಾರೆ. ಗಡಿಯಾರ ನನ್ನ ಕೈಯಲ್ಲೇ ಇತ್ತು, ನೋಡಲಿಲ್ಲ.

ಸಾರಕ್ಕಿ

ಮರದ ಕೆಳಗಿನ ಫೋಟೋವನ್ನೂ ತೆಗೆದೆವು. ಈಗ ಅದಕ್ಕೆ ಯಾವ ಸುಳ್ಳೂ ಬೇಕಾಗಿರಲಿಲ್ಲ.  ಊರಿಗೆ ಬಂದ ಮೇಲೂ ಮೇಡಂ ಗೇಟಿನಲ್ಲಿ ಮೊದಲಿನ ಹಾಗೇ ನಿಂತರು. ಪಿನ್ನನ್ನು ಕೆಲವು ಹುಡುಗಿಯರಿಗೆ ತಾವೇ ಹಾಕತೊಡಗಿದ್ದನ್ನು ನಾನು ಗಮನಿಸಿದೆ. ಎಲ್ಲರಿಗೂ ಅಲ್ಲ. ಇರುವುದಕ್ಕಿಂತ ಹೆಚ್ಚು ಹೇಳಬಾರದು.

ಹೋದ ವರ್ಷ ಅವರು ತೀರಿಕೊಂಡರು. ಕಾಲೇಜಿನ ಸಂತಾಪ ಸಭೆಯಲ್ಲಿ ಮಾತಾಡಿದವರೆಲ್ಲ ಅವರ ಶಿಸ್ತಿನ ಬಗ್ಗೆ ಹೇಳಿದರು, ಗೇಟಿನ ಬಗ್ಗೆ, ಪಿನ್ನಿನ ಡಬ್ಬಿಯ ಬಗ್ಗೆ. ಎಲ್ಲ ನಿಜವೇ. ಸಭೆ ಮುಗಿದ ಮೇಲೆ ನಾನು ಗೌತಮಿಯ ಜೊತೆ ಸಾರಕ್ಕಿಯ ಅವರ ಮನೆಗೆ ಹೋದೆ. ಅವಳೀಗ ಬಿಳೇಕಹಳ್ಳಿಯ ಕಡೆ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ರತ್ನಮ್ಮ ಕಾಫಿ ಕೊಟ್ಟು, ಬೀರುವಿನಿಂದ ಆ ಸೀರೆ ತೆಗೆದು ನನ್ನ ತೊಡೆಯ ಮೇಲಿಟ್ಟರು. ಸೆರಗಿನ ಮಡಿಕೆಯಲ್ಲಿ ಸೇಫ್ಟಿ ಪಿನ್ನು ಇನ್ನೂ ಹಾಗೆಯೇ ಇತ್ತು.

“ನಾನು ಸೀರೆಗೆ ಪಿನ್ ಹಾಕೋಳಲ್ಲ ಸಾರ್,” ಎಂದರು ರತ್ನಮ್ಮ. “ಪೂರ್ಣಿಮೆಗೆ ಉಡೋವಾಗ ತೆಗೀತೀನಿ. ಒಗೆದ್ಮೇಲೆ ಮತ್ತೆ ಅಲ್ಲೇ ಹಾಕಿಡ್ತೀನಿ.”

ಇದನ್ನು ಕಂಡವರಲ್ಲಿ ವಸುಧಾ ಮೇಡಂ ಈಗ ಇಲ್ಲ. ಆಜಾನ್ ಮಾಲಿ ಇದ್ದಾರೆ, ಪ್ರತಿ ಜೂನಿನಲ್ಲಿ ನನಗೊಂದು ಸಂದೇಶ ಕಳಿಸುತ್ತಾರೆ. ಪ್ಲಾಯ್ ಅದೇ ಊರಿನಲ್ಲಿ ಶಾಲೆಯ ಮಕ್ಕಳಿಗೆ ಪಾಠ ಹೇಳುತ್ತಾಳೆ. ಸುಮಂತ್ ಬಿಟಿಎಂ ಲೇಔಟಿನಲ್ಲೇ ಇದ್ದಾನೆ. ಸಭಾಂಗಣದ ಹಿಂದಿನ ಸಾಲಿನಿಂದ ಕಂಡದ್ದನ್ನು ಕೇಳಿದರೆ ಹೇಳುತ್ತಾನೆ. ಪರದೆಯ ಆಚೆ ಪಿನ್ನಿನ ಡಬ್ಬಿ ಹಿಡಿದು ನಿಂತಿದ್ದ ನಿಖಿತಾ ಜೆ.ಪಿ. ನಗರದಲ್ಲಿದ್ದಾಳೆ. ನಾನು ಕಾಣದ್ದನ್ನು ಅವಳು ಕಂಡಿದ್ದಾಳೆ, ಏನು ಕಂಡೆ ಎಂದು ನಾನು ಅವಳನ್ನು ಕೇಳಿಲ್ಲ. ಮತ್ತೆ ಗೌತಮಿ ಇದ್ದಾಳೆ, ಅವಳನ್ನೂ ಕೇಳಿಲ್ಲ.